ಒಂದು ಚೀಟಿ, ಮೂರು ನಕಲು: ನೆಟ್‌ಫ್ಲೋ ರೆಕಾರ್ಡ್ ಹಂಚುವುದು ಹೇಗೆ?

ಎಪಿಎಂಸಿ ಗೇಟಿನಲ್ಲಿ ಮೆಕ್ಕೆಜೋಳದ ಲಾರಿ ನಿಂತರೆ ಒಂದು ಚೀಟಿ ಹರಿಯುತ್ತಾರೆ. ಎಲ್ಲಿಂದ ಬಂತು, ಯಾರ ಅಂಗಡಿಗೆ, ಎಷ್ಟು ಚೀಲ, ಎಷ್ಟು ಹೊತ್ತಿಗೆ. ಚೀಲ ಬಿಚ್ಚಿ ಕಾಳು ಎಣಿಸುವುದಿಲ್ಲ. ರೌಟರ್ ಬರೆಯುವ ಫ್ಲೋ ರೆಕಾರ್ಡ್ ಕೂಡ ಇಂಥದ್ದೇ ಚೀಟಿ. ಯಾವ ಐಪಿ ಅಡ್ರೆಸ್‌ನಿಂದ ಯಾವುದಕ್ಕೆ, ಯಾವ ಪೋರ್ಟ್ (ಯಾವ ಸೇವೆಗೆ ಎಂದು ಹೇಳುವ ನಂಬರ್), ಎಷ್ಟು ಬೈಟ್, ಯಾವಾಗ ಶುರುವಾಗಿ ಯಾವಾಗ ಮುಗಿಯಿತು. ಅಷ್ಟೇ. ಸಿಸ್ಕೊ 1996ರಲ್ಲಿ ತಂದ ನೆಟ್‌ಫ್ಲೋದಿಂದ ಈ ಪದ್ಧತಿ ಬೆಳೆಯಿತು. ಎಲ್ಲ ಕಂಪನಿಗಳಿಗೂ ಹೊಂದುವ ಐಪಿಫಿಕ್ಸ್ ಆಮೇಲೆ ಬಂತು.

ದಾವಣಗೆರೆಯಲ್ಲಿ ಒಂದು ಸಣ್ಣ ಇಂಟರ್ನೆಟ್ ಸೇವೆಯ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮಲ್ಲಿ ಈ ಚೀಟಿ ಮೂರು ಕಡೆ ಬೇಕು. ಗ್ರಾಫ್ ತೋರಿಸುವ ಸಾಫ್ಟ್‌ವೇರ್‌ಗೆ ಒಂದು, ದಾಳಿ ಪತ್ತೆಹಚ್ಚುವ ಸಾಫ್ಟ್‌ವೇರ್‌ಗೆ ಒಂದು, ಕಾದಿಡುವುದಕ್ಕೆ ಇನ್ನೊಂದು. ಚೀಟಿ ಸ್ವೀಕರಿಸುವ ಇವನ್ನು ಕಲೆಕ್ಟರ್ ಎನ್ನುತ್ತಾರೆ. ಲಾಗ್‌ಗಳನ್ನು 180 ದಿನ ಇಟ್ಟಿರಬೇಕು ಎಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೇಳಿದ ಮೇಲೆ ಈ ಮೂರನೆಯದನ್ನು ಸೇರಿಸಿದೆವು.

ರೌಟರ್‌ಗೇ ಮೂರು ಅಡ್ರೆಸ್ ಕೊಟ್ಟರೆ ಆಗುವುದಿಲ್ಲವೇ? ಹೊಸದಕ್ಕೆ ಆಗಬಹುದು. ಹಳೆಯ ಸಿಸ್ಕೊ ರೌಟರ್‌ಗಳಲ್ಲಿ ಎರಡೇ ಅಡ್ರೆಸ್‌ಗೆ ಜಾಗ. ಆದರೂ ಚಿಂತೆಯಿಲ್ಲ ಎಂದುಕೊಳ್ಳಿ, ಕಲೆಕ್ಟರ್ ಬದಲಾದಾಗಲೆಲ್ಲ ಹರಿಹರ, ಚಿತ್ರದುರ್ಗದ ರೌಟರ್‌ಗಳಿಗೆ ಕೈ ಹಾಕುತ್ತಾ ಕೂರುವವರು ಯಾರು? ಚೀಟಿ ಒಂದೇ ಕಡೆ ಬರಲಿ, ನಕಲು ಅಲ್ಲಿ ಆಗಲಿ.

ಮೊದಲಿಗೆ ಒಂದು ಲಿನಕ್ಸ್ ಯಂತ್ರ ಹುಡುಕಿ. ಭಾರಿ ಸರ್ವರ್ ಬೇಕಿಲ್ಲ. ಅದರಲ್ಲಿ ಸ್ಯಾಂಪ್ಲಿಕೇಟರ್ ಎಂಬ ಮುಕ್ತ ತಂತ್ರಾಂಶ ಹಾಕಿ. ಇದು ಚೀಟಿಯನ್ನು ಓದುವುದೇ ಇಲ್ಲ. ಚೀಟಿಗಳನ್ನು ಹೊತ್ತು ಬಂದ ಯುಡಿಪಿ (ತಲುಪಿತೇ ಎಂದು ಕೇಳದೆ ಕಳಿಸುವ ಪದ್ಧತಿ) ಪ್ಯಾಕೆಟ್ಟನ್ನು ಹಾಗೆಯೇ ಹಲವು ಕಡೆ ಎಸೆಯುತ್ತದೆ, ಅದಕ್ಕೇ ಹಗುರ. ನೀವು ಆಗಲೇ ಎನ್‌ಎಫ್‌ಡಂಪ್ ಅಥವಾ ಪಿಎಂಅಕೌಂಟ್ ಎಂಬ ಫ್ಲೋ ತಂತ್ರಾಂಶ ಬಳಸುತ್ತಿದ್ದರೆ ಅವುಗಳಲ್ಲೂ ನಕಲು ಕಳಿಸುವ ಸೌಲಭ್ಯ ಇದೆ.

ನಂತರ ಎಲ್ಲ ರೌಟರ್‌ಗಳೂ ಈ ಯಂತ್ರಕ್ಕೇ ರೆಕಾರ್ಡ್ ಕಳಿಸುವಂತೆ ಮಾಡಿ. ನೆಟ್‌ಫ್ಲೋಗೆ ಸಾಮಾನ್ಯವಾಗಿ 2055ನೇ ಪೋರ್ಟ್, ಐಪಿಫಿಕ್ಸ್‌ಗೆ 4739. ಸ್ಯಾಂಪ್ಲಿಕೇಟರ್‌ನ ಸೆಟ್ಟಿಂಗ್ ಫೈಲ್ ಬಲು ಸರಳ. ಎಡಕ್ಕೆ ರೌಟರ್‌ನ ಅಡ್ರೆಸ್, ಒಂದು ಕೋಲನ್, ಬಲಕ್ಕೆ ಕಲೆಕ್ಟರ್‌ಗಳ ಅಡ್ರೆಸ್, ಪ್ರತಿಯೊಂದರ ಪಕ್ಕ ಓರೆಗೆರೆ ಹಾಕಿ ಪೋರ್ಟ್ ನಂಬರ್. ಇಷ್ಟಾದರೆ ಅರ್ಧ ಗಂಟೆಯಲ್ಲಿ ಮೂರೂ ಕಡೆ ರೆಕಾರ್ಡ್ ಬೀಳಲು ಶುರುವಾಗುತ್ತದೆ.

ನಾನು ಎಡವಿದ್ದು ಇಲ್ಲಿಯೇ. ರೆಕಾರ್ಡ್ ಬರುತ್ತಿದೆಯಲ್ಲ ಎಂದು ಮನೆಗೆ ಹೋದೆ. ಮರುದಿನ ನೋಡಿದರೆ ಗ್ರಾಫ್‌ನಲ್ಲಿ ಹರಿಹರವೂ ಇಲ್ಲ, ಚಿತ್ರದುರ್ಗವೂ ಇಲ್ಲ. ಒಂದೇ ಒಂದು ರೌಟರ್, ಅದೂ ನಕಲು ಯಂತ್ರದ ಹೆಸರಿನಲ್ಲಿ! ಪ್ಯಾಕೆಟ್ ಯಾವ ಅಡ್ರೆಸ್‌ನಿಂದ ಬಂತು ಎಂಬುದನ್ನು ನೋಡಿಯೇ ಕಲೆಕ್ಟರ್ ಇದು ಯಾರ ಚೀಟಿ ಎಂದು ತಿಳಿಯುವುದು. ಎರಡೂ ಊರಿನ ರೌಟರ್‌ಗಳಲ್ಲಿ 3ನೇ ನಂಬರಿನ ಇಂಟರ್‌ಫೇಸ್ (ಲೈನ್ ಸೇರುವ ಜಾಗ) ಇತ್ತು. ಎರಡರ ಲೆಕ್ಕವೂ ಕೂಡಿಹೋಗಿ ಇಲ್ಲದ ಟ್ರಾಫಿಕ್ ಜಾಮ್ ಕಾಣಿಸಿತು.

ಮದ್ದು ಸಣ್ಣದು. ಸ್ಯಾಂಪ್ಲಿಕೇಟರ್ ಶುರು ಮಾಡುವಾಗ ದೊಡ್ಡಕ್ಷರದ ಎಸ್ ಆಯ್ಕೆ ಕೊಡಿ. ಆಗ ನಕಲಿನ ಮೇಲೂ ಮೂಲ ರೌಟರ್‌ನ ಅಡ್ರೆಸ್ಸೇ ಉಳಿಯುತ್ತದೆ. ಇದಕ್ಕೆ ರೂಟ್ ಅನುಮತಿ, ಅಂದರೆ ಯಂತ್ರದ ಪೂರ್ಣ ಅಧಿಕಾರ ಬೇಕು. ಚಿಕ್ಕಕ್ಷರದ ಎಸ್ ಬೇರೆಯದೇ ಕೆಲಸಕ್ಕೆ ಇದೆ, ಗಡಿಬಿಡಿಯಲ್ಲಿ ಅದನ್ನು ಒತ್ತಬೇಡಿ.

ಆದರೆ ಬೇರೆಯವರ ಹೆಸರಿನಲ್ಲಿ ಪ್ಯಾಕೆಟ್ ಕಳಿಸುವುದು ನೆಟ್‌ವರ್ಕ್‌ನ ಕಣ್ಣಿಗೆ ಕಳ್ಳರ ಲಕ್ಷಣ. ನಡುವಿನ ಫೈರ್‌ವಾಲ್ ಅದನ್ನು ಬಿಸಾಕಬಹುದು. ನಕಲು ಯಂತ್ರ ವರ್ಚುವಲ್ ಆಗಿದ್ದರೆ ಅದರ ಸ್ವಿಚ್ಚೇ ತಡೆಯಬಹುದು. ಕಲೆಕ್ಟರ್ ಇರುವ ಲಿನಕ್ಸ್‌ನಲ್ಲಿ ಆರ್‌ಪಿ ಫಿಲ್ಟರ್ (ಬರಬಾರದ ದಾರಿಯಿಂದ ಬಂದ ಅಡ್ರೆಸ್ಸನ್ನು ತಡೆಯುವ ಸೆಟ್ಟಿಂಗ್) ಬಿಗಿಯಾಗಿದ್ದರೆ, ಬಂದ ಪ್ಯಾಕೆಟ್ ತೋರಿಸುವ ಟಿಸಿಪಿಡಂಪ್‌ನಲ್ಲಿ ಪ್ಯಾಕೆಟ್ ಕಾಣುತ್ತದೆ, ಸಾಫ್ಟ್‌ವೇರ್‌ಗೆ ಮಾತ್ರ ತಲುಪುವುದಿಲ್ಲ. ತಲೆ ಕೆಡಿಸುವ ಲಕ್ಷಣ ಇದು. ಟಿಸಿಪಿಡಂಪ್‌ನಲ್ಲಿ ಕಂಡರೂ ಗ್ರಾಫ್ ಖಾಲಿ ಎಂದರೆ ಮೊದಲು ಆರ್‌ಪಿ ಫಿಲ್ಟರನ್ನೂ ಆ ಯಂತ್ರದ ಫೈರ್‌ವಾಲನ್ನೂ ನೋಡಿ.

ಇನ್ನು ಸೋರಿಕೆ. ಯುಡಿಪಿಯಲ್ಲಿ ಪ್ಯಾಕೆಟ್ ಕಳೆದುಹೋದರೆ ಯಾರೂ ಹೇಳುವುದಿಲ್ಲ, ಮತ್ತೆ ಕಳಿಸುವುದೂ ಇಲ್ಲ. ನೆಟ್‌ಫ್ಲೋ 5ನೇ ಆವೃತ್ತಿಯಲ್ಲಿ 24 ಬೈಟ್‌ನ ತಲೆಭಾಗ, 48 ಬೈಟ್‌ನ ಒಂದೊಂದು ರೆಕಾರ್ಡ್, ಪ್ಯಾಕೆಟ್‌ಗೆ ಹೆಚ್ಚೆಂದರೆ 30 ರೆಕಾರ್ಡ್. ಅಂದರೆ 1464 ಬೈಟ್. ಒಂದು ಪ್ಯಾಕೆಟ್ ಹೋದರೆ 30 ಚೀಟಿ ಒಟ್ಟಿಗೇ ಹೋದ ಹಾಗೆ ಅಲ್ವಾ? ಅದಕ್ಕೇ ನಕಲು ಯಂತ್ರದ ಯುಡಿಪಿ ಬಫರ್ (ಬಂದ ಪ್ಯಾಕೆಟ್ ಕಾಯುವ ಜಾಗ) ಜಾಸ್ತಿ ಮಾಡಿ. ನೆಟ್‌ಸ್ಟ್ಯಾಟ್ ಎಂಬ ಕಮಾಂಡ್‌ನಲ್ಲಿ ರಿಸೀವ್ ಬಫರ್ ಎರರ್ ಏರುತ್ತಿದೆಯೇ ಎಂದು ರಾತ್ರಿ ಜನ ಜಾಸ್ತಿ ಬಳಸುವ ಹೊತ್ತಿನಲ್ಲಿ ನೋಡಿ. ಬೆಳಿಗ್ಗೆ ಹನ್ನೊಂದಕ್ಕೆ ನೋಡಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಮೂರು ನಕಲು ಎಂದರೆ ಹೊರಗೆ ಹೋಗುವ ಭಾರ ಮೂರು ಪಟ್ಟು, ಅದನ್ನೂ ಲೆಕ್ಕ ಹಾಕಿ.

ಸೋರಿದ್ದು ಎಲ್ಲಿ ಎಂದು ತಿಳಿಯಲು ಪ್ಯಾಕೆಟ್‌ನಲ್ಲಿರುವ ಸೀಕ್ವೆನ್ಸ್ ನಂಬರ್ (ಕ್ರಮಸಂಖ್ಯೆ) ಸಾಕು. ಎಲ್ಲ ಕಲೆಕ್ಟರ್‌ಗಳಲ್ಲೂ ಒಂದೇ ಜಾಗದಲ್ಲಿ ನಂಬರ್ ತಪ್ಪಿದ್ದರೆ ಸೋರಿದ್ದು ರೌಟರ್‌ನಿಂದ ಬರುವ ದಾರಿಯಲ್ಲಿ, ಇಲ್ಲವೇ ನಕಲು ಯಂತ್ರದಲ್ಲಿ. ಒಂದರಲ್ಲಿ ಮಾತ್ರ ತಪ್ಪಿದ್ದರೆ ನಕಲು ಯಂತ್ರದಿಂದ ಆಚೆಗೆ, ಆ ಕಲೆಕ್ಟರ್‌ನ ಕಡೆ.

ನೆಟ್‌ಫ್ಲೋ 9ನೇ ಆವೃತ್ತಿ ಅಥವಾ ಐಪಿಫಿಕ್ಸ್ ಬಳಸುವವರಿಗೆ ಒಂದು ಮಾತು. ಅಲ್ಲಿ ರೆಕಾರ್ಡ್ ಓದಲು ಮೊದಲು ಟೆಂಪ್ಲೇಟ್ ಬರಬೇಕು. ಯಾವ ಕಾಲಂನಲ್ಲಿ ಏನಿದೆ ಎಂದು ಹೇಳುವ ನಮೂನೆ ಅದು. ಹೊಸ ಕಲೆಕ್ಟರ್ ಸೇರಿಸಿದ ತಕ್ಷಣ ಏನೂ ಕಾಣದಿದ್ದರೆ ಗಾಬರಿಯಾಗಬೇಡಿ. ಕೆಲವು ರೌಟರ್‌ಗಳು ಟೆಂಪ್ಲೇಟನ್ನು 30 ನಿಮಿಷಕ್ಕೊಮ್ಮೆ ಕಳಿಸುತ್ತವೆ. ಅದನ್ನು ಒಂದೆರಡು ನಿಮಿಷಕ್ಕೆ ಇಳಿಸಿಬಿಡಿ.

ಕೊನೆಯ ಕೆಲಸ, ಬಹಳ ಜನ ಮರೆಯುವುದು. ನಕಲು ಯಂತ್ರವನ್ನು ಬೇಕೆಂದೇ ರೀಸ್ಟಾರ್ಟ್ ಮಾಡಿ. ಕರೆಂಟ್ ಹೋಗಿ ಬಂದ ಮೇಲೆ ಸ್ಯಾಂಪ್ಲಿಕೇಟರ್ ತಾನಾಗಿ ಏಳದಿದ್ದರೆ ಮೂರು ಕಲೆಕ್ಟರ್‌ಗಳೂ ಒಟ್ಟಿಗೇ ಕುರುಡಾಗುತ್ತವೆ. ಐದು ನಿಮಿಷ ರೆಕಾರ್ಡ್ ಬಾರದಿದ್ದರೆ ಫೋನಿಗೆ ಎಸ್‌ಎಂಎಸ್ ಬರುವಂತೆ ಮಾಡಿಟ್ಟುಕೊಳ್ಳಿ. ನಾನು ಅದನ್ನು ಹಾಕಿದ್ದು ಎರಡನೇ ಸಲ ಕರೆಂಟ್ ಹೋದ ಮೇಲೆ.