ಪದವಿನ ಗೋಮಾಳ: ಮೊದಲು ಹುಲ್ಲು ಅಳೆಯಿರಿ, ಆಮೇಲೆ ದನ ಬಿಡಿ

ಮಂಗಳೂರು, ಉಡುಪಿ ಕಡೆ ಮಳೆಗೇನೂ ಕೊರತೆ ಇಲ್ಲ. ಆದರೂ ಮುರಕಲ್ಲಿನ ಪದವು (ಎತ್ತರದ ಸಮತಟ್ಟು ಬಯಲು) ಡಿಸೆಂಬರ್ ಕಳೆಯುವಷ್ಟರಲ್ಲಿ ಒಣಗಿ ಕೂರುತ್ತದೆ. ಮಣ್ಣು ತೆಳು, ಬಿದ್ದ ನೀರು ನಿಲ್ಲುವುದಿಲ್ಲ. ಮುಂದಿನ ಮಳೆಯವರೆಗೆ ಅದನ್ನು ಒಣಸೀಮೆಯ ಹುಲ್ಲುಗಾವಲೆಂದೇ ತಿಳಿದು ನಡೆಸಬೇಕು.

ಗೋಮಾಳ ನೋಡಿಕೊಳ್ಳಲು ಊರಿನ ಸಮಿತಿ ಕಟ್ಟುವ ಮೊದಲು ಪಹಣಿ ತೆಗೆಸಿ. ಗೋಮಾಳ ಬೇರೆ, ಕುಮ್ಕಿ ಬೇರೆ. ಕುಮ್ಕಿ ಸರಕಾರದ ಜಾಗವೇ ಆದರೂ ಸೊಪ್ಪು, ಸೌದೆ, ಮೇವಿನ ಸವಲತ್ತು ಪಕ್ಕದ ವರ್ಗದಾರರದ್ದು, ಅಂದರೆ ತಾಗಿಕೊಂಡ ಕೃಷಿಜಮೀನಿನ ಒಡೆಯರದ್ದು (1964ರ ಭೂಕಂದಾಯ ಕಾಯ್ದೆ, 79ನೇ ಕಲಂ). ಇದನ್ನು ಗೋಮಾಳದ ಲೆಕ್ಕಕ್ಕೆ ಸೇರಿಸಿದರೆ ಮೊದಲ ಸಭೆಯಲ್ಲೇ ಜಗಳ. 1966ರ ನಿಯಮಾವಳಿಯ 97ನೇ ನಿಯಮದ ಪ್ರಕಾರ 100 ಜಾನುವಾರಿಗೆ 12 ಹೆಕ್ಟೇರ್ ಗೋಮಾಳ ಇರಬೇಕು. ಜಾನುವಾರು ಗಣತಿಯಲ್ಲಿ ನಿಮ್ಮ ಊರಿನ ದನ ಕಡಿಮೆ ಬರೆಸಿದ್ದರೆ ಉಳಿದ ಜಾಗ ‘ಹೆಚ್ಚುವರಿ’ ಆಗಿ ಬೇರೆ ಕೆಲಸಕ್ಕೆ ಹೋಗಬಹುದು. ಗಣತಿಗೆ ಬಂದಾಗ ಕರು ಸಮೇತ ಬರೆಸಿ.

ಇನ್ನು ಅಳತೆ. ನವರಾತ್ರಿ ಕಳೆದು ಮಳೆ ಬಿಟ್ಟ ಮೇಲೆ ನೂರು ಹೆಜ್ಜೆಗೊಂದರಂತೆ ಹತ್ತು ಕಡೆ ನಿಲ್ಲಿ. ನಿಂತಲ್ಲೇ ಒಂದು ಮೀಟರ್ ಚೌಕ ಹಾಕಿ, ನೆಲದಿಂದ ನಾಲ್ಕು ಬೆರಳು ಬಿಟ್ಟು ಹುಲ್ಲು ಕೊಯ್ಯಿರಿ. ಮುರಿದರೆ ಚಟಕ್ ಅನ್ನುವವರೆಗೆ ಒಣಗಿಸಿ ತೂಗಿ. ಬರೀ ಪಾರೆಕಲ್ಲು ಸಿಕ್ಕರೆ ಸೊನ್ನೆ ಬರೆಯಿರಿ, ಪಕ್ಕದ ಹುಲುಸು ಮುಳಿಹುಲ್ಲಿಗೆ ಸರಿಯಬೇಡಿ. ಹೆಚ್ಚಿನವರು ತಪ್ಪುವುದು ಇಲ್ಲೇ.

ಸರಾಸರಿ 200 ಗ್ರಾಂ ಬಂತೆನ್ನಿ. ಹೆಕ್ಟೇರಿಗೆ 2,000 ಕಿಲೊ ಆಯಿತು. ಅರ್ಧ ಮುಟ್ಟಬಾರದು. ಬೇರು, ಬೀಜ, ತುಳಿತ, ಗೆದ್ದಲು ಎಲ್ಲಕ್ಕೂ ಪಾಲು ಬೇಕಲ್ಲ. ಉಳಿದ 1,000 ಕಿಲೊದಲ್ಲಿ ನೂರು ಕಿಲೊ ತೂಗುವ ಮಲೆನಾಡು ಗಿಡ್ಡಕ್ಕೆ (ನಮ್ಮ ಸಣ್ಣ ನಾಟಿ ದನ) ದಿನಕ್ಕೆ 3 ಕಿಲೊ ಒಣಹುಲ್ಲು. 20 ಹೆಕ್ಟೇರ್ ಪದವಾದರೆ 120 ದಿನಕ್ಕೆ 55 ಗಿಡ್ಡ, ಅಷ್ಟೇ. 300 ಕಿಲೊ ದಾಟಿದ ಜೆರ್ಸಿ ಮಿಶ್ರತಳಿ ಒಂದೇ ಮೂರು ಗಿಡ್ಡಕ್ಕೆ ಸಮ. ಈ ಅಳತೆಗೋಲು ಸಭೆಯಲ್ಲಿ ಒಪ್ಪಿಗೆ ಆಗದೆ ಹಟ್ಟಿಗಿಷ್ಟು ಎಂದು ಪಾಲು ಹಂಚಿದರೆ ಎರಡೇ ವರ್ಷದಲ್ಲಿ ಏರ್ಪಾಡು ಮುರಿಯುತ್ತದೆ.

ಪದವನ್ನು ನಾಲ್ಕು ತುಂಡು ಮಾಡಿ. ಬೇಲಿ ಬೇಡ, ಕಣಿ (ನೀರು ಹರಿಯುವ ಕಾಲುವೆ), ದಾರಿ, ದೊಡ್ಡ ಮರ ಗುರುತಿದ್ದರೆ ಸಾಕು. ಪ್ರತಿ ವರ್ಷ ಒಂದು ತುಂಡನ್ನು ಪತ್ತನಾಜೆಯಿಂದ (ಮೇ ಕೊನೆಯ ವಾರ) ದೀಪಾವಳಿವರೆಗೆ ಮುಚ್ಚಿ, ಬೀಜ ಉದುರಲಿ. ಉಳಿದ ಮೂರಕ್ಕೂ ಹೊಸ ಹುಲ್ಲು ಒಂದು ಗೇಣು ಏಳುವ ಮೊದಲು ದನ ಹೊಡೆಯಬೇಡಿ. ಮೊದಲ ಮಳೆಯ ಕೆಸರಿನಲ್ಲಿ ಗೊರಸು ಬಿದ್ದ ಜಾಗ ಗಟ್ಟಿಯಾಗಿ, ಆ ವರ್ಷ ಅಲ್ಲಿ ಸರಿಯಾಗಿ ಚಿಗುರುವುದಿಲ್ಲ.

ತಪ್ಪಿದವರಿಗೆ ಮೊದಲ ಸಲ ಮಾತು, ಎರಡನೇ ಸಲ ಒಂದು ದಿನದ ಕಾವಲು, ದಂಡ ಮೂರನೇ ಸಲಕ್ಕೆ. ಮೊದಲೇ ಹಣ ಹಾಕಿದರೆ ದುಡ್ಡಿದ್ದವರು ದಂಡ ಕಟ್ಟಿ ಮೇಯಿಸುತ್ತಾರೆ, ಅವರಿಗದು ಬಾಡಿಗೆಯಿದ್ದಂತೆ. ಕಾವಲಿನ ಸರದಿ, ಮುಚ್ಚಿದ ತುಂಡು, ದನದ ಲೆಕ್ಕ ಮೂರನ್ನೂ ಹಾಲಿನ ಡಿಪೋದ ಗೋಡೆಗೆ ಅಂಟಿಸಿ. ನಿರ್ಣಯ ಗ್ರಾಮಸಭೆಯ ಪುಸ್ತಕದಲ್ಲಿ ಇರಲಿ. ಹೊರಗಿನವರ ಕಣ್ಣಿಗೆ ಪದವು ಬಂಜರು, ‘ಹಸಿರು ಮಾಡುತ್ತೇವೆ’ ಎಂದು ಅಕೇಶಿಯಾ ಸಸಿ ಹಿಡಿದು ಬಂದಾಗ ತೋರಿಸಲು ಕಾಗದ ಬೇಕು. ಅಕೇಶಿಯಾ ಎಲೆ ದಪ್ಪಗೆ ಬಿದ್ದಲ್ಲಿ ಹುಲ್ಲು ಏಳುವುದಿಲ್ಲ.

ಯುಪಟೋರಿಯಂ ಕಳೆಯನ್ನು ಹೂ ಬಿಡುವ ಮೊದಲು, ನೆಲ ಹಸಿ ಇರುವಾಗಲೇ ಬೇರು ಸಮೇತ ಕೀಳಿ. ಬರೀ ಕತ್ತಿಯಿಂದ ಸವರಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ರಸ್ತೆ ಬದಿಗೆ ಜನವರಿಯೊಳಗೆ ಮೂರು ಮೀಟರ್ ಅಗಲ ಹುಲ್ಲು ಸವರಿ, ಬೆಂಕಿ ದಾಟದಂತೆ ಬೆಂಕಿರೇಖೆ ಮಾಡಿ.

ನೀರಿಗೆ ಮದಕದ (ಮಳೆನೀರಿನ ಕೆರೆ) ಹೂಳು ತೆಗೆದರೆ ಒಳ್ಳೆಯದು. ಹಳೆ ಕಲ್ಲುಕೋರೆಯ ನೀರು ಕುಡಿಸುವುದಾದರೆ ಮೂರು ಬದಿ ಬೇಲಿ ಹಾಕಿ, ನಾಲ್ಕನೇ ಬದಿಯನ್ನು ದನ ಇಳಿದು ಹತ್ತುವಷ್ಟು ಇಳಿಜಾರು ಮಾಡಿ. ನೆಟ್ಟಗೆ ಕಡಿದ ಕಲ್ಲಿನ ಗೋಡೆ ಹತ್ತಲು ಗಿಡ್ಡಕ್ಕೂ ಆಗುವುದಿಲ್ಲ.