ಅಂಗಳದಲ್ಲಿ ಬಿಲ್ಲು: ಮನೆಯವರಿಗೆ ಬಾಣ ಬಿಡಲು ಕಲಿಸುವ ಬಗೆ

ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ಮೇಲಿನ ಗುಡ್ಡೆಯಲ್ಲಿ. ಜಗಲಿಯಲ್ಲಿ ತೂಗುವ ಬಿಲ್ಲು ಕಂಡವರೆಲ್ಲ ಮೊದಲು ಕೇಳುವುದು ಒಂದೇ, “ಹಂದಿಗೆ ಬಿಡ್ಲಿಕ್ಕಾ?”

ಕೇಳುವುದರಲ್ಲಿ ತಪ್ಪಿಲ್ಲ. ಒಂದೇ ರಾತ್ರಿಯಲ್ಲಿ ಮರಗೆಣಸು, ಬಾಳೆ ಎಲ್ಲ ಉತ್ತು ಹಾಕಿದ್ದನ್ನು ಬೆಳಗ್ಗೆ ಎದ್ದು ನೋಡಿದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಆದರೂ ಉತ್ತರ ಅಲ್ಲ ಎಂದೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕೊಲ್ಲುವುದು ಮಾತ್ರ ಬೇಟೆಯಲ್ಲ, ಕೊಲ್ಲಲು ನೋಡುವುದೂ ಬೇಟೆಯೇ. 2022ರಲ್ಲಿ ಕೇರಳ ಸರ್ಕಾರ ಬೆಳೆ ಹಾಳು ಮಾಡುವ ಕಾಡುಹಂದಿಯ ವಿಷಯದಲ್ಲಿ ಪಂಚಾಯತ್ ಅಧ್ಯಕ್ಷರಿಗೆ ಅಧಿಕಾರ ಕೊಟ್ಟಿತಲ್ಲ, ಅದು ಅವರ ಆದೇಶದ ಮೇಲೆ ಲೈಸೆನ್ಸ್ ಕೋವಿ ಇರುವವರು ಮಾಡುವ ಕೆಲಸ. ಬಿಲ್ಲು ಹಿಡಿದು ನಾವು ತೋಟಕ್ಕೆ ಇಳಿಯುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಮನೆಯಲ್ಲಿ ಮಕ್ಕಳ ಕೈಗೆ ಬಿಲ್ಲು ಕೊಡುವ ಮೊದಲು ಇದನ್ನು ಕೂತು ಹೇಳಿ. ಹಂದಿ, ಮಂಗ, ನವಿಲು, ನಾಯಿ, ಬೆಕ್ಕು, ಯಾವುದರ ಕಡೆಗೂ ಸುಮ್ನೆ ಆಟಕ್ಕೂ ಬಾಣ ತಿರುಗಿಸಬಾರದು.

ನನ್ನ ಚಿಕ್ಕಪ್ಪನ ಮಗ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದ್ದಾನೆ. ಅಲ್ಲಿ ಬಿಲ್ಲಿನಿಂದ ಜಿಂಕೆ ಬೇಟೆಗೆ ಅನುಮತಿ ಇದೆ, ಅವನು ಮಗಳನ್ನೂ ಕರೆದುಕೊಂಡು ಹೋಗುತ್ತಾನೆ. ಆದರೆ ಅಲ್ಲೂ ಯಾರೂ ಬಿಲ್ಲು ಕೊಂಡ ಕೂಡಲೇ ಕಾಡಿಗೆ ನುಗ್ಗುವ ಹಾಗಿಲ್ಲ. ಸೀಸನ್ ಇದೆ, ಲೈಸೆನ್ಸ್ ಇದೆ, 1973ರಿಂದ ಈಚೆಗೆ ಹುಟ್ಟಿದವರು ಬೇಟೆಯ ಕೋರ್ಸ್ ಮುಗಿಸಿರಬೇಕು, ಇಲ್ಲವಾದರೆ ಅನುಭವ ಇರುವ ಒಬ್ಬರ ಪಕ್ಕದಲ್ಲೇ ಇರಬೇಕು. ಜಿಂಕೆಗೆ ಬಿಡುವ ಬಿಲ್ಲಿನ ಎಳೆತ, ಅಂದರೆ ಹೆದೆಯನ್ನು ಪೂರ್ತಿ ಎಳೆಯಲು ಬೇಕಾದ ಬಲ, ಕನಿಷ್ಠ 30 ಪೌಂಡ್ ಬೇಕೆಂದು ನಿಯಮ. ಅವನ ಮಗಳು ಶುರು ಮಾಡಿದ್ದು 12 ಪೌಂಡಿನ ಬಿಲ್ಲಿನಲ್ಲಿ, ಕಾಗದದ ಗುರಿಗೆ, ಮನೆಯ ಹಿಂದೆ. ಅಂದರೆ ಅವರು ಮುಂದೆ ಎಲ್ಲಿಗೇ ಹೋಗಲಿ, ಮೊದಲ ಒಂದು ವರ್ಷ ಅವರ ಅಂಗಳಕ್ಕೂ ನಮ್ಮ ಅಂಗಳಕ್ಕೂ ವ್ಯತ್ಯಾಸ ಇಲ್ಲ. ಆ ಮೊದಲ ವರ್ಷದ ಬಗ್ಗೆಯೇ ನಾನು ಬರೆಯುತ್ತಿರುವುದು.

ಹಗುರದ ಬಿಲ್ಲು ಕೊಡಿ. ಇದೊಂದನ್ನು ಸರಿ ಮಾಡಿದರೆ ಅರ್ಧ ಕೆಲಸ ಆಯಿತು. ನನಗೆ ಅಂಗಡಿಯವರು 40 ಪೌಂಡಿನದ್ದನ್ನು ಕೊಟ್ಟಿದ್ದರು, “ಮನೆಯವರೆಲ್ಲ ಇದರಲ್ಲೇ ಕಲಿಯಬಹುದು” ಎಂದು ಹೇಳಿ. ನಾನು ಹಾಗೇ ಹೆಂಡತಿಯ ಕೈಗೆ ಕೊಟ್ಟೆ. ಅವಳು ಹಲ್ಲು ಕಚ್ಚಿ ಎಳೆದಳು, ಹೆದೆ ಮುಂಗೈಗೆ ಬಡಿಯಿತು, ಮೊಣಕೈಯ ಒಳಗೆ ಒಂದು ಗೇಣು ನೀಲಿಗಟ್ಟಿತು. ಆಮೇಲೆ ಎಂಟು ತಿಂಗಳು ಅವಳು ಬಿಲ್ಲಿನ ಹತ್ತಿರ ಬರಲಿಲ್ಲ. ತಪ್ಪು ಅವಳ ಕೈಯದ್ದಲ್ಲ, ಆ ಭಾರದ್ದು. ದೊಡ್ಡವರಿಗೆ 18ರಿಂದ 22 ಪೌಂಡ್ ಸಾಕು, ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ 10ರಿಂದ 14. ಬಿಲ್ಲಿನ ಮೇಲೆ ಬರೆದ ಪೌಂಡ್ 28 ಇಂಚು ಎಳೆದಾಗಿನ ಲೆಕ್ಕ, ಕೈ ಗಿಡ್ಡ ಇದ್ದವರು ಅಷ್ಟು ಎಳೆಯುವುದೇ ಇಲ್ಲ, ಇಂಚಿಗೆ ಸುಮಾರು ಎರಡು ಪೌಂಡ್ ಕಡಿಮೆ ಆಗುತ್ತದೆ. ಪರೀಕ್ಷೆ ಸುಲಭ: ಪೂರ್ತಿ ಎಳೆದು ನಡುಗದೆ ಹತ್ತು ಸೆಕೆಂಡ್ ಹಿಡಿಯಲಿ, ಮೆಲ್ಲ ವಾಪಸ್ ಬಿಡಲಿ. ಆಗುವುದಿಲ್ಲ ಅಂದರೆ ಭಾರ ಜಾಸ್ತಿ. ಬಿಚ್ಚಿ ಜೋಡಿಸುವ ಮರದ ರಿಕರ್ವ್ ಬಿಲ್ಲು (ತುದಿಗಳು ಮುಂದಕ್ಕೆ ಬಾಗಿರುವಂಥದ್ದು) ತೆಗೆದುಕೊಂಡರೆ ನಡುವಿನ ಹಿಡಿಕೆ ಅದೇ ಇಟ್ಟು ಲಿಂಬ್, ಅಂದರೆ ಮೇಲೆ ಕೆಳಗೆ ಬಾಗುವ ಎರಡು ತೋಳು, ಮಾತ್ರ ಬದಲಿಸಬಹುದು. ಹಾಗಾಗಿ ಒಂದೇ ಬಿಲ್ಲಿನಲ್ಲಿ ಹೆಂಡತಿ, ಭಾವ, ನಾನು ಮೂವರೂ ಕಲಿಯಲು ಆಗುತ್ತದೆ. ಮಗಳಿಗೆ ಮಾತ್ರ ಬೇರೆ ಚಿಕ್ಕದು. ಚಕ್ರ ಇರುವ ಕಾಂಪೌಂಡ್ ಬಿಲ್ಲು ಒಬ್ಬೊಬ್ಬರ ಕೈಯ ಉದ್ದಕ್ಕೆ ಸರಿಯಾಗಿ ಹೊಂದಿಸಬೇಕಾದದ್ದು, ಮನೆಮಂದಿಯೆಲ್ಲ ಹಂಚಿಕೊಳ್ಳಲು ಅದು ಆಗಿಬರುವುದಿಲ್ಲ.

ಯಾವ ಕೈ ಎಂದು ತೀರ್ಮಾನಿಸುವ ಮೊದಲು ಕಣ್ಣು ನೋಡಿ. ಎರಡೂ ಅಂಗೈ ಸೇರಿಸಿ ಸಣ್ಣ ಕಿಂಡಿ ಮಾಡಿ, ಕೈ ಚಾಚಿ, ಅದರೊಳಗಿಂದ ದೂರದ ತೆಂಗಿನ ಗೊನೆಯೊಂದನ್ನು ನೋಡಲು ಹೇಳಿ. ಒಂದೊಂದೇ ಕಣ್ಣು ಮುಚ್ಚಲಿ. ಯಾವ ಕಣ್ಣು ತೆರೆದಿದ್ದಾಗ ಗೊನೆ ಕಿಂಡಿಯಲ್ಲೇ ಉಳಿಯುತ್ತದೋ ಆ ಕಡೆಯ ಕೈಯಿಂದ ಹೆದೆ ಎಳೆಯಲಿ. ನನ್ನ ಮಗಳು ಬರೆಯುವುದು ಬಲಗೈಯಲ್ಲಿ, ಎಳೆಯುವುದು ಎಡಗೈಯಲ್ಲಿ.

ಇನ್ನು ಜಾಗ. ಗುರಿಯ ಹಿಂದೆ ಏನಿದೆ ಎನ್ನುವುದೇ ಎಲ್ಲಕ್ಕಿಂತ ಮುಖ್ಯ. ನಮ್ಮ ಕಡೆ ಮನೆ ಕಟ್ಟಲು ಗುಡ್ಡೆ ಕಡಿದ ಧರೆ ಇದ್ದೇ ಇರುತ್ತದಲ್ಲ, ಆಳೆತ್ತರಕ್ಕಿಂತ ಮೇಲಿರುವ ಧರೆ ಒಳ್ಳೆಯ ಗೋಡೆ. ಆದರೆ ಮುರಕಲ್ಲಿಗೆ ಬಡಿದ ಬಾಣ ಒಡೆಯುತ್ತದೆ, ಕೆಲವು ಸಲ ಪುಟಿಯುತ್ತದೆ, ಆದ್ದರಿಂದ ಗುರಿಯ ಹಿಂದೆ ಹಳೆಯ ಕಂಬಳಿಯನ್ನೋ ದಪ್ಪ ಬಲೆಯನ್ನೋ ಸಡಿಲವಾಗಿ ಇಳಿಬಿಡಿ. ತೋಟದ ಕಡೆಗೆ ಬಿಡಬೇಡಿ. ಅಲ್ಲಿ ಖಾಲಿ ಕಾಣುತ್ತದೆ, ಅಷ್ಟರಲ್ಲಿ ಯಾರೋ ನೀರು ತಿರುಗಿಸಲು ಬಂದಿರುತ್ತಾರೆ. ರಸ್ತೆ, ಕಾಲುದಾರಿ, ಕೊಟ್ಟಿಗೆ ಯಾವುದೂ ಆ ದಿಕ್ಕಿನಲ್ಲಿ ಇರಬಾರದು. ಗುರಿಗೆ ಎರಡು ಗೋಣಿ ತುಂಬ ಹಳೆ ಬಟ್ಟೆ ಬಿಗಿಯಾಗಿ ತುರುಕಿದರೆ ಹಗುರದ ಬಿಲ್ಲಿಗೆ ಧಾರಾಳ ಆಯಿತು. ಗುಂಡಿ, ಜಿಪ್ ಎಲ್ಲ ಕತ್ತರಿಸಿ ತೆಗೆಯಿರಿ.

ನೆಲದಲ್ಲಿ ಸುಣ್ಣದಿಂದ ಒಂದು ಗೆರೆ ಎಳೆಯಿರಿ. ಬಿಡುವವರು ಗೆರೆಯ ಮೇಲೆ, ಉಳಿದವರೆಲ್ಲ ಅವರ ಹಿಂದೆ, ಗೆರೆಯ ಆಚೆ ಕೋಳಿ ಕೂಡ ಇರಬಾರದು. ಸ್ಪರ್ಧೆಗಳ ಸೀಟಿ ಲೆಕ್ಕವನ್ನೇ ನಾವು ಮನೆಯಲ್ಲೂ ಇಟ್ಟಿದ್ದೇವೆ: ಎರಡು ಸಲ ಊದಿದರೆ ಗೆರೆಗೆ ಬನ್ನಿ, ಒಂದು ಸಲ ಅಂದರೆ ಬಿಡಿ, ಮೂರು ಅಂದರೆ ಬಾಣ ತರಲು ಹೋಗಿ. ಸೀಟಿ ನಮ್ಮ ಅಮ್ಮನ ಕೈಯಲ್ಲಿ. ಅವರು ಬಿಲ್ಲು ಎಳೆಯುವುದಿಲ್ಲ, ಮೊಣಕಾಲು ನೋವು, ಕುರ್ಚಿಯಲ್ಲಿ ಕೂತು ಸೀಟಿ ಊದುತ್ತಾರೆ. ಅವರು ಬಂದ ಮೇಲೆ ನಮ್ಮಲ್ಲಿ ಶಿಸ್ತು ಬಂತು, ಯಾಕೆಂದರೆ ನನ್ನ ಮಾತಿಗೆ ಎದುರು ಹೇಳುವ ಮಗಳು ಅಜ್ಜಿಯ ಸೀಟಿಗೆ ಎದುರು ಹೇಳುವುದಿಲ್ಲ. ಹಾಗೆಯೇ, ಬಾಣ ಹೂಡದೆ ಎಳೆದ ಹೆದೆಯನ್ನು ಯಾವತ್ತೂ ಬಿಡಬಾರದು. ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಬಿಲ್ಲಿಗೇ ಬಡಿದು ಲಿಂಬ್ ಸೀಳಬಹುದು. ನೆಂಟರ ಮಕ್ಕಳು ಬಂದಾಗ ಮೊದಲು ಮಾಡುವುದೇ ಇದನ್ನು, ನೋಡಿಕೊಳ್ಳಿ.

ಮೊದಲ ದಿನ ಕಾಗದದ ಗುರಿ ಬೇಡ. ಬರೀ ಗೋಣಿ, ದೂರ ನಾಲ್ಕೈದು ಹೆಜ್ಜೆ. ಗುರಿ ಕಂಡರೆ ಎಲ್ಲರ ಗಮನ ಅಲ್ಲಿಗೇ ಹೋಗುತ್ತದೆ, ಕೈ ಹೇಗಿದೆ ಎನ್ನುವುದು ಮರೆತುಹೋಗುತ್ತದೆ. ಕಾಲು ಭುಜದಷ್ಟು ಅಗಲ, ಮೈ ಗುರಿಗೆ ಅಡ್ಡ. ಬಾಣದ ಮೂರು ಗರಿಗಳಲ್ಲಿ ಬೇರೆ ಬಣ್ಣದ್ದು ಬಿಲ್ಲಿನಿಂದ ಹೊರಕ್ಕೆ ಇರಲಿ. ತೋರುಬೆರಳು ಬಾಣದ ಮೇಲೆ, ಎರಡು ಬೆರಳು ಕೆಳಗೆ, ಬಾಣವನ್ನು ಚಿವುಟಿ ಹಿಡಿಯಬಾರದು. ಬಿಲ್ಲು ಹಿಡಿದ ಮೊಣಕೈಯನ್ನು ಸ್ವಲ್ಪ ಹೊರಕ್ಕೆ ತಿರುಗಿಸಿದರೆ ಹೆದೆ ಬಡಿಯುವುದಿಲ್ಲ. ಕೈಗೆ ಕಟ್ಟಲು ಆರ್ಮ್ ಗಾರ್ಡ್ ಸಿಗುತ್ತದೆ, ಇಲ್ಲದಿದ್ದರೆ ಅಡಿಕೆ ಹಾಳೆಯನ್ನು ನೀರಲ್ಲಿ ನೆನೆಸಿ ಮುಂಗೈಗೆ ಸುತ್ತಿ ಒಣಗಿಸಿ, ಎರಡು ಲಾಡಿ ಕಟ್ಟಿ, ಚೆನ್ನಾಗಿಯೇ ಆಗುತ್ತದೆ. ಎಳೆದ ಕೈ ಪ್ರತಿ ಸಲವೂ ಬಾಯಿಯ ಮೂಲೆಗೇ ಬಂದು ನಿಲ್ಲಲಿ. ಬೆರಳು ಸಡಿಲಿಸಿ. ಬಾಣ ಗೋಣಿಗೆ ತಾಗುವ ತನಕ ಬಿಲ್ಲಿನ ಕೈ ಇಳಿಸಬೇಡಿ.

ಮೂರು ಬೆರಳಿನ ಮಾತು ಬಂದಾಗ ಅಮ್ಮ ಕೇಳಿದ್ದರು, “ಹೆಬ್ಬೆರಳು ಬೇಡವಾದರೆ ದ್ರೋಣರು ಏಕಲವ್ಯನ ಹತ್ತಿರ ಅದನ್ನೇ ಯಾಕೆ ಕೇಳಿದರು?” ಒಳ್ಳೆಯ ಪ್ರಶ್ನೆ ಅಲ್ವಾ? ಹೆಬ್ಬೆರಳಲ್ಲಿ ಹೆದೆ ಎಳೆಯುವ ಪದ್ಧತಿ ಏಷ್ಯಾದಲ್ಲಿ ಬಹಳ ಹಳೆಯದು, ಮಂಗೋಲರು, ತುರ್ಕರು ಅದಕ್ಕೆಂದೇ ಉಂಗುರ ತೊಡುತ್ತಿದ್ದರು, ಕೊರಿಯಾದ ಸಾಂಪ್ರದಾಯಿಕ ಬಿಲ್ಲಿನವರು ಈಗಲೂ ತೊಡುತ್ತಾರೆ. ಹೆಬ್ಬೆರಳು ಕೊಟ್ಟ ಮೇಲೆ ಏಕಲವ್ಯ ಉಳಿದ ಬೆರಳುಗಳಲ್ಲೇ ಬಾಣ ಬಿಟ್ಟ, ಆದರೆ ಮೊದಲಿನ ವೇಗ ಉಳಿಯಲಿಲ್ಲ ಎಂದು ಮಹಾಭಾರತದಲ್ಲೇ ಬರುತ್ತದೆ. ಇದನ್ನು ಕೇಳಿದ ದಿನ ಮಗಳು ತುಂಬ ಹೊತ್ತು ತನ್ನ ಬೆರಳುಗಳನ್ನು ನೋಡುತ್ತಾ ಕೂತಿದ್ದಳು.

ಒಬ್ಬೊಬ್ಬರಿಗೂ ಬೇರೆ ಬೇರೆ ರೀತಿ ಹೇಳಬೇಕಾಗುತ್ತದೆ. ಮಕ್ಕಳಿಗೆ ಹತ್ತಿಪ್ಪತ್ತು ಬಾಣ ಸಾಕು, ಇನ್ನೂ ಬೇಕು ಎನ್ನುವಾಗಲೇ ನಿಲ್ಲಿಸಿ. ಹೆಂಡತಿಗೆ ಗಂಡ ಒಂದೇ ಸಮನೆ ತಿದ್ದುತ್ತಾ ಇರಬಾರದು, ಒಂದು ಸಂಜೆಗೆ ಒಂದೇ ತಪ್ಪು ಹೇಳಿ. ಭಾವನಂಥವರು, ಅಂದರೆ ತೋಟದ ಕೆಲಸದಲ್ಲಿ ಗಟ್ಟಿಯಾದವರು, ತೋಳಿನ ಬಲದಲ್ಲೇ ಎಳೆಯುತ್ತಾರೆ, ಬೆನ್ನಿನಿಂದ ಎಳೆಯುವುದು ಅವರಿಗೆ ಬರಲು ಜಾಸ್ತಿ ದಿನ ಹಿಡಿಯುತ್ತದೆ. ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆ ಎಂದು ಕೇಳುವ ನೆಂಟರಿಗೆ ಸಾತಾರಾದ ಅದಿತಿ ಸ್ವಾಮಿಯ ಹೆಸರು ಹೇಳಿ. 2023ರಲ್ಲಿ ಬರ್ಲಿನ್‌ನಲ್ಲಿ ಕಾಂಪೌಂಡ್ ವಿಶ್ವ ಚಾಂಪಿಯನ್ ಆದಾಗ ಅವರಿಗೆ 17 ವರ್ಷ. ಕೈಯೇ ಇಲ್ಲದೆ ಕಾಲಿನಿಂದ ಬಿಲ್ಲು ಹಿಡಿಯುವ ಶೀತಲ್ ದೇವಿ 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಮಿಶ್ರ ತಂಡದ ಕಂಚು ತಂದರು.

ಐದು ಹೆಜ್ಜೆಯಲ್ಲಿ ಆರು ಬಾಣವೂ ಒಂದು ಬಟ್ಟಲಿನಷ್ಟು ಜಾಗದಲ್ಲಿ ಬೀಳತೊಡಗಿದ ಮೇಲೆ ಹತ್ತು ಮೀಟರ್‌ಗೆ ಹೋಗಿ, ಆಮೇಲೆ 18. ಒಳಾಂಗಣ ಸ್ಪರ್ಧೆಯ ದೂರ ಅದೇ, ಗುರಿಯ ಕಾಗದ 40 ಸೆಂಟಿಮೀಟರ್. ನಮ್ಮವರಿಗೆ ಕಾಗದ ಬೇಜಾರಾದಾಗ ನಾವು ಗೋಣಿಯಲ್ಲೇ ಒಂದು ಹಂದಿ ಹೊಲಿದೆವು, ಕಿವಿ ಅಡಿಕೆ ಹಾಳೆಯದ್ದು. ಧರೆಯ ಬುಡದಲ್ಲಿ ಒಂದೊಂದು ದಿನ ಒಂದೊಂದು ಕಡೆ ಇಡುತ್ತೇವೆ, ದೂರ ಎಷ್ಟೆಂದು ಕಣ್ಣಲ್ಲೇ ಅಂದಾಜು ಮಾಡಿ ಬಿಡಬೇಕು. ವಿಸ್ಕಾನ್ಸಿನ್‌ನವರು ಫೋಮ್ ಜಿಂಕೆ ಇಟ್ಟು ಮಾಡುವುದೂ ಇದನ್ನೇ. ತೋಟ ಉತ್ತ ಹಂದಿಯ ಮೇಲಿನ ಸಿಟ್ಟೆಲ್ಲ ಭಾವ ಅದರ ಮೇಲೆ ತೀರಿಸಿಕೊಳ್ಳುತ್ತಾನೆ.

ಬಾಣ ಕೀಳುವಾಗ ಒಂದು ಕೈ ಗುರಿಗೆ ಒತ್ತಿ, ಇನ್ನೊಂದರಲ್ಲಿ ಬುಡದಲ್ಲೇ ಹಿಡಿದು ನೇರ ಎಳೆಯಿರಿ, ಬೆನ್ನ ಹಿಂದೆ ಯಾರೂ ನಿಂತಿರಬಾರದು. ಕಾರ್ಬನ್ ಬಾಣವಾದರೆ ಪ್ರತಿ ಸಲ ಸ್ವಲ್ಪ ಬಗ್ಗಿಸಿ ನೋಡಿ, ಚಿಟಿಚಿಟಿ ಸದ್ದು ಬಂದರೆ ಮುರಿದು ಬಿಸಾಡಿ.

ಅಂಗಳದಲ್ಲಿ ಅಡಿಕೆ ಹರವಿದ ತಿಂಗಳುಗಳಲ್ಲಿ ಜಾಗ ಇಲ್ಲ, ಜೂನ್ ಬಂದರೆ ಮಳೆ. ಆಗ ಕೊಟ್ಟಿಗೆಯ ಪಕ್ಕದ ಚಾವಡಿಯಲ್ಲಿ ಐದು ಹೆಜ್ಜೆಯ ಅಭ್ಯಾಸವನ್ನೇ ಮುಂದುವರಿಸಬಹುದು. ಬಿಲ್ಲು ಬಳಸದಿರುವಾಗ ಹೆದೆ ಬಿಚ್ಚಿ ಇಡಿ, ಹೆದೆಗೆ ಮೇಣ ಸವರಿ. ಬಿಲ್ಲನ್ನು ಗೋಡೆಗೆ ಒರಗಿಸದೆ ಎರಡು ಮೊಳೆಯ ಮೇಲೆ ಅಡ್ಡ ಮಲಗಿಸಿ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ ಎಂದು ಅಲ್ಲಿ ಇಡಬೇಡಿ, ಅಂಟು ಬಿಡುತ್ತದೆ. ಮಳೆ ನಿಂತ ಮೇಲೆ ಹೆದೆ ಏರಿಸುವಾಗ ಲಿಂಬ್ ತಿರುಚಿದೆಯಾ, ಎಲ್ಲಾದರೂ ಗೆರೆ ಬಿದ್ದಿದೆಯಾ ಎಂದು ಬೆಳಕಿಗೆ ಹಿಡಿದು ನೋಡಿ, ಆಮೇಲೆ ಅಮ್ಮನ ಕೈಗೆ ಸೀಟಿ ಕೊಡಿ.