ಪ್ಲಗಿನ್‌ನ ವ್ಯೂ ಹೆಲ್ಪರ್ ಟೆಸ್ಟ್‌ಗಳು ಫೇಲ್ ಆದಾಗ ನಾನು ಹುಡುಕಿದ ಜಾಗಗಳು

ನಮ್ಮ ಹತ್ತಿರ ರೈಲ್ಸ್‌ನಲ್ಲಿ, ಅಂದರೆ ರೂಬಿ ಭಾಷೆಯ ವೆಬ್ ಫ್ರೇಮ್‌ವರ್ಕ್‌ನಲ್ಲಿ, ಬರೆದ ಕೆಲವು ಆಪ್‌ಗಳಿದ್ದವು. ಎಲ್ಲದರಲ್ಲೂ ಬಿಲ್ ತೋರಿಸುವ ಪುಟ, ಎಲ್ಲದರಲ್ಲೂ ಅವೇ ಹೆಲ್ಪರ್‌ಗಳ (ವ್ಯೂ, ಅಂದರೆ ಪುಟ ಕಟ್ಟುವಾಗ ನೆರವಾಗುವ ಚಿಕ್ಕ ಮೆಥಡ್‌ಗಳ) ಕಾಪಿ. ಮೊತ್ತಕ್ಕೆ ಕಾಮಾ ಹಾಕುವುದು, ಬಿಲ್ ಕಟ್ಟಿದ್ದಾರಾ ಇಲ್ಲವಾ ಎಂದು ತೋರಿಸುವುದು, ಉದ್ದದ ವಿಳಾಸವನ್ನು ಮೊಟಕು ಮಾಡುವುದು, ಲಿಂಕ್ ಕೊಡುವುದು. ಇವನ್ನೆಲ್ಲ ಎತ್ತಿ ಒಂದು ಎಂಜಿನ್‌ಗೆ, ಅಂದರೆ ಎಲ್ಲ ಆಪ್‌ಗಳೂ ಹಂಚಿಕೊಳ್ಳುವ ಪ್ಲಗಿನ್‌ಗೆ, ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಕೋಡ್ ಸಾಗಿಸುವುದು ಬೇಗ ಮುಗಿಯಿತು. ಟೆಸ್ಟ್‌ಗಳು ಮಾತ್ರ ಸಾಲುಸಾಲಾಗಿ ಫೇಲ್ ಆದವು. ಹೆಲ್ಪರ್‌ಗಳಲ್ಲಿ ಒಂದು ಸಾಲೂ ಬದಲಾಗಿರಲಿಲ್ಲ.

ಹೆಲ್ಪರ್ ನೋಡೋಕೆ ಸುಮ್ನೆ ಒಂದು ಮೆಥಡ್. ಆದರೆ ತಾನು ಓಡುವ ವ್ಯೂನಿಂದ ಅದು ಎಷ್ಟೋ ಸಂಗತಿಗಳನ್ನು ಎರವಲು ತರುತ್ತದೆ: ರೂಟ್ (ಯಾವ ಯುಆರ್‌ಎಲ್‌ಗೆ ಯಾವ ಪುಟ ಎಂಬ ನಿಯಮ), ರಿಕ್ವೆಸ್ಟ್ (ಬ್ರೌಸರ್ ಕಳಿಸಿದ ಕೋರಿಕೆ), ಲೊಕೇಲ್ (ಭಾಷೆಯ ಆಯ್ಕೆ), ಪಕ್ಕದ ಇನ್ನೊಂದು ಹೆಲ್ಪರ್. ಆಪ್ ಒಳಗೆ ಇರುವಾಗ ಈ ಎರವಲು ಕಣ್ಣಿಗೆ ಬೀಳುವುದಿಲ್ಲ. ಪ್ಲಗಿನ್‌ನಲ್ಲಿ ಟೆಸ್ಟ್ ಓಡುವುದು ‘ಟೆಸ್ಟ್’ ಫೋಲ್ಡರ್ ಒಳಗಿನ ಡಮ್ಮಿ ಆಪ್ ಮೇಲೆ, ಅಂದರೆ ಟೆಸ್ಟ್‌ಗೆಂದೇ ಇರುವ ನಕಲಿ ಆಪ್ ಮೇಲೆ. ಅದು ಬಹುಪಾಲು ಖಾಲಿ. ಆದ್ದರಿಂದ ಪ್ರತಿ ಎರರ್ ಬಂದಾಗಲೂ ನಾನು ಹೆಲ್ಪರ್‌ನ ಕೋಡ್ ನೋಡುವ ಮೊದಲು, ಇದು ಏನನ್ನು ಎರವಲು ಕೇಳುತ್ತಿದೆ ಎಂದು ನೋಡತೊಡಗಿದೆ.

ಮೊದಲು ಸಿಕ್ಕಿದ್ದು ‘ಅಂಥ ಮೆಥಡ್ ಇಲ್ಲ’ ಎನ್ನುವ ಎರರ್. ಮೆಥಡ್ ಕಣ್ಣೆದುರೇ ಇದೆ! ಹೆಲ್ಪರ್ ಟೆಸ್ಟ್‌ಗಳಿಗೆ ತಳಹದಿಯಾದ ರೈಲ್ಸ್‌ನ ‘ಆ್ಯಕ್ಷನ್‌ವ್ಯೂ ಟೆಸ್ಟ್‌ಕೇಸ್’ ಯಾವ ಹೆಲ್ಪರನ್ನು ಒಳಗೆ ತಂದುಕೊಳ್ಳಬೇಕು ಎಂಬುದನ್ನು ಟೆಸ್ಟ್ ಕ್ಲಾಸ್‌ನ ಹೆಸರಿನಿಂದಲೇ ಊಹಿಸುತ್ತದೆ. ಕೊನೆಯ ‘ಟೆಸ್ಟ್’ ತೆಗೆದು, ಉಳಿದ ಹೆಸರಿನ ಮಾಡ್ಯೂಲ್ (ಮೆಥಡ್‌ಗಳ ಗುಂಪು) ಹುಡುಕುತ್ತದೆ. ಎಂಜಿನ್‌ನಲ್ಲಿ ಹೆಲ್ಪರ್‌ಗಳು ನೇಮ್‌ಸ್ಪೇಸ್ ಒಳಗೆ ಹೋಗಿದ್ದವು, ಅಂದರೆ ಹೆಸರಿನ ಮುಂದೆ ಎಂಜಿನ್‌ನ ಹೆಸರೂ ಸೇರಿತ್ತು, ಟೆಸ್ಟ್ ಕ್ಲಾಸ್‌ಗಳು ಹಳೆಯ ಚಿಕ್ಕ ಹೆಸರಲ್ಲೇ ಉಳಿದಿದ್ದವು. ಹುಡುಕಿದರೆ ಸಿಗುವುದಾದರೂ ಹೇಗೆ? ಟೆಸ್ಟ್ ಕ್ಲಾಸ್‌ಗೂ ನೇಮ್‌ಸ್ಪೇಸ್ ಸೇರಿಸಿದೆ. ಹೆಸರು ಹೊಂದದ ಕಡೆ ‘ಟೆಸ್ಟ್ಸ್’ ಎಂಬ ಮೆಥಡ್‌ಗೆ ಮಾಡ್ಯೂಲ್ ಹೆಸರು ಕೊಟ್ಟೆ. ಅಪ್ಲಿಕೇಶನ್ ಹೆಲ್ಪರ್‌ನದ್ದು ಇನ್ನೂ ಮಜಾ. ಆ ಹೆಸರಿನದ್ದು ಡಮ್ಮಿ ಆಪ್‌ನಲ್ಲೂ ಒಂದಿರುತ್ತದೆ, ಎಂಜಿನ್‌ನಲ್ಲೂ ಒಂದಿರುತ್ತದೆ. ನೇಮ್‌ಸ್ಪೇಸ್ ಇಲ್ಲದೆ ಬರೆದರೆ ಡಮ್ಮಿಯ ಖಾಲಿ ಮಾಡ್ಯೂಲ್ ಸಿಕ್ಕಿಬಿಡುತ್ತದೆ. ಮಾಡ್ಯೂಲ್ ಲೋಡ್ ಆಗಿದೆ, ಒಳಗೆ ಮೆಥಡ್ ಇಲ್ಲ.

ಜಾಸ್ತಿ ಹೊತ್ತು ತಿಂದದ್ದು ರೂಟ್‌ಗಳು. ನಮ್ಮ ಎಂಜಿನ್‌ನಲ್ಲಿ ‘ಐಸೊಲೇಟ್ ನೇಮ್‌ಸ್ಪೇಸ್’, ಅಂದರೆ ಎಂಜಿನ್‌ನ ಹೆಸರು, ರೂಟ್‌ಗಳನ್ನು ಆಪ್‌ನಿಂದ ಬೇರೆಯಾಗಿಡುವ ಸೆಟ್ಟಿಂಗ್, ಇತ್ತು. ಹಾಗಾಗಿ ಎಂಜಿನ್‌ನ ನಿಜವಾದ ಪುಟದಲ್ಲಿ ಎಂಜಿನ್‌ನ ರೂಟ್‌ಗಳು ನೇರವಾಗಿ ಸಿಗುತ್ತವೆ, ಆಪ್‌ನ ರೂಟ್‌ಗೆ ಮುಂದೆ ‘ಮೈನ್ ಆಪ್’ ಎಂದು ಬರೆಯಬೇಕು. ಹೆಲ್ಪರ್ ಟೆಸ್ಟ್‌ನಲ್ಲಿ ಇದು ಉಲ್ಟಾ. ಅಲ್ಲಿ ಬಳಕೆಯಾಗುವ ಟೆಸ್ಟ್ ಕಂಟ್ರೋಲರ್ (ಕಂಟ್ರೋಲರ್ ಎಂದರೆ ರಿಕ್ವೆಸ್ಟ್ ನಿಭಾಯಿಸುವ ಕ್ಲಾಸ್) ಹುಟ್ಟುವುದು ಹೊರಗಿನ ಅಪ್ಲಿಕೇಶನ್ ಕಂಟ್ರೋಲರ್‌ನಿಂದ, ಅಂದರೆ ಡಮ್ಮಿ ಆಪ್‌ನದ್ದರಿಂದ. ಹಾಗಾಗಿ ಡಮ್ಮಿಯ ರೂಟ್‌ಗಳು ಕಾಣುತ್ತವೆ, ನಮ್ಮ ಎಂಜಿನ್‌ನ ಬಿಲ್ ಪುಟದ ದಾರಿ ಕಾಣುವುದಿಲ್ಲ. ಎಂಜಿನ್‌ನ ರೂಟ್‌ಗಳ ಯುಆರ್‌ಎಲ್ ಹೆಲ್ಪರ್‌ಗಳನ್ನು ಟೆಸ್ಟ್ ಕ್ಲಾಸ್‌ಗೆ ಇನ್‌ಕ್ಲೂಡ್ ಮಾಡಿದ ಮೇಲೆ ಅದು ಸರಿಯಾಯಿತು. ಸಿಗುವ ದಾರಿಯ ಮುಂಭಾಗ ಡಮ್ಮಿ ಆಪ್‌ನಲ್ಲಿ ಎಂಜಿನ್ ಯಾವ ದಾರಿಯಡಿ ಮೌಂಟ್ ಆಗಿದೆ, ಅಂದರೆ ಜೋಡಿಸಲಾಗಿದೆ ಎಂಬುದನ್ನು ಅವಲಂಬಿಸುತ್ತದೆ. ಆದ್ದರಿಂದ ಟೆಸ್ಟ್‌ನ ಎಕ್ಸ್‌ಪೆಕ್ಟೆಡ್ (ನಿರೀಕ್ಷಿತ ಉತ್ತರದ) ಬದಿಯಲ್ಲಿ ದಾರಿಯನ್ನು ಕೈಯಾರೆ ಟೈಪ್ ಮಾಡದೆ, ಅಲ್ಲೂ ರೂಟ್ ಹೆಲ್ಪರನ್ನೇ ಕರೆದೆ.

ಹೀಗೆ ಮಾಡಿದ್ದರೂ ಎರಡು ಹೆಲ್ಪರ್‌ಗಳಲ್ಲಿ ರೂಟನ್ನೇ ತೆಗೆದುಹಾಕಿದೆ. ಅವು ಲಿಂಕ್‌ನ ದಾರಿಯನ್ನು ಈಗ ಆರ್ಗ್ಯುಮೆಂಟ್ ಆಗಿ ತೆಗೆದುಕೊಳ್ಳುತ್ತವೆ. ‘ಮೈನ್ ಆಪ್’ ಅನ್ನು ಸ್ಟಬ್ ಮಾಡಿ, ಅಂದರೆ ಅದರ ಜಾಗದಲ್ಲಿ ನಕಲಿ ಉತ್ತರ ಇಟ್ಟು ಕೂರುವುದು ನನಗೆ ಹಿಡಿಸುವುದಿಲ್ಲ. ಸ್ಟಬ್‌ಗಳು ಜಾಸ್ತಿಯಾದ ಹಾಗೆ ಟೆಸ್ಟ್ ಹಸಿರಾಗುತ್ತದೆ, ಆದರೆ ಅದು ಪರೀಕ್ಷಿಸುವುದು ಸ್ಟಬ್‌ಗಳನ್ನೇ ಅಲ್ವಾ?

ಅನುವಾದದ ಎರರ್ ಒಂದು ನಿಜವಾದ ದೋಷವನ್ನೇ ತೋರಿಸಿತು. ಬಿಲ್‌ನ ಸ್ಥಿತಿ ತೋರಿಸುವ ಹೆಲ್ಪರ್, ಚುಕ್ಕಿಯಿಂದ ಶುರುವಾಗುವ ಚಿಕ್ಕ ಕೀ ಬಳಸುತ್ತಿತ್ತು. ಟೆಸ್ಟ್‌ನಲ್ಲಿ ರೈಲ್ಸ್ ‘ಪಾತ್ ಇಲ್ಲದ ಕಾರಣ ಈ ಶಾರ್ಟ್‌ಕಟ್ ನಡೆಯುವುದಿಲ್ಲ’ ಎಂದು ಜಗಳ ತೆಗೆಯಿತು. ಚುಕ್ಕಿ ಕೀ ಪೂರ್ತಿಯಾಗುವುದು ಹೆಲ್ಪರನ್ನು ಕರೆದ ಟೆಂಪ್ಲೇಟ್‌ನ ಹೆಸರಿನಿಂದ. ಟೆಸ್ಟ್‌ನಲ್ಲಿ ಟೆಂಪ್ಲೇಟೇ ಇಲ್ಲ. ಆದರೆ ಯೋಚಿಸಿ: ಇದೇ ಹೆಲ್ಪರನ್ನು ಎರಡು ಪುಟಗಳಿಂದ ಕರೆದರೆ ಅದು ಎರಡು ಬೇರೆ ಬೇರೆ ಕೀ ಹುಡುಕುತ್ತದೆ. ಪೂರ್ತಿ ಕೀ ಬರೆದೆ, ಎಂಜಿನ್‌ನ ಲೊಕೇಲ್ ಫೈಲ್‌ನಲ್ಲಿ ಅದನ್ನು ಇಟ್ಟೆ. ಅನುವಾದ ಸಿಗದಿದ್ದರೆ ಎರರ್ ಎಸೆಯುವ ಸೆಟ್ಟಿಂಗನ್ನು ಡಮ್ಮಿಯ ಟೆಸ್ಟ್ ಕಾನ್ಫಿಗ್‌ನಲ್ಲಿ ಆನ್ ಮಾಡಿದೆ.

ಮೊತ್ತದ ಹೆಲ್ಪರ್ ಬಿದ್ದದ್ದಕ್ಕೆ ಕಾರಣ ಚಿಕ್ಕದು. ಲಕ್ಷ, ಕೋಟಿಗೆ ಕಾಮಾ ಹಾಕುವ ಕೆಲಸವನ್ನು ಅದು ಆಪ್‌ನ ಇನ್ನೊಂದು ಹೆಲ್ಪರ್‌ಗೆ ಒಪ್ಪಿಸಿತ್ತು. ರೈಲ್ಸ್ 5ರಿಂದ ‘ನಂಬರ್ ವಿತ್ ಡಿಲಿಮಿಟರ್’ಗೆ ಡಿಲಿಮಿಟರ್ ಪ್ಯಾಟರ್ನ್ (ಕಾಮಾ ಎಲ್ಲಿ ಬೀಳಬೇಕು ಎಂಬ ನಮೂನೆ) ಕೊಡಬಹುದು. ಅದನ್ನು ಬಳಸಿದರೆ 1,23,456 ಎಂದೇ ಬರುತ್ತದೆ. ಹೊರಗಿನವರ ಹಂಗು ತಪ್ಪಿತು.

ಇಷ್ಟಾದ ಮೇಲೆ ಶುರುವಾಯಿತು ಒಮ್ಮೆ ಪಾಸ್, ಒಮ್ಮೆ ಫೇಲ್ ಆಟ. ಟೆಸ್ಟ್ ಓಡಿಸುವ ಲೈಬ್ರರಿಯಾದ ಮಿನಿಟೆಸ್ಟ್, ಟೆಸ್ಟ್‌ಗಳನ್ನು ಪ್ರತಿಸಲ ಬೇರೆ ಕ್ರಮದಲ್ಲಿ ಓಡಿಸುತ್ತದೆ, ಆ ಕ್ರಮದ ಸೀಡ್ ಸಂಖ್ಯೆಯನ್ನು ಮೇಲೆಯೇ ಪ್ರಿಂಟ್ ಮಾಡುತ್ತದೆ. ಫೇಲ್ ಆದ ಸಲದ ಸೀಡ್ ಕೊಟ್ಟು ಓಡಿಸಿದರೆ ಅದೇ ಕ್ರಮ ಮರಳಿ ಬರುತ್ತದೆ. ಬಿದ್ದ ಟೆಸ್ಟನ್ನು ಒಂಟಿಯಾಗಿ ಓಡಿಸಿದರೆ ಪಾಸ್. ಹಾಗಾದರೆ ಅದಕ್ಕಿಂತ ಮೊದಲು ಓಡಿದ ಯಾವುದೋ ಟೆಸ್ಟ್ ಏನನ್ನೋ ಬಿಟ್ಟುಹೋಗಿದೆ. ಯಾರು ಎಂದು ಕೈಯಾರೆ ಹುಡುಕಬೇಕಿಲ್ಲ, ಮಿನಿಟೆಸ್ಟ್ ಬೈಸೆಕ್ಟ್ ಎಂಬ ಜೆಮ್ (ರೂಬಿ ಲೈಬ್ರರಿ) ಟೆಸ್ಟ್‌ಗಳ ಪಟ್ಟಿಯನ್ನು ಕುಗ್ಗಿಸುತ್ತಾ ಹೋಗಿ ತೋರಿಸುತ್ತದೆ. ಒಂದು ಟೆಸ್ಟ್ ಲೊಕೇಲ್ ಅನ್ನು ಕನ್ನಡಕ್ಕೆ ಬದಲಿಸಿ ಹಾಗೇ ಬಿಟ್ಟಿತ್ತು. ಮುಂದಿನ ಟೆಸ್ಟ್ ಇಂಗ್ಲಿಷ್ ಪಠ್ಯಕ್ಕಾಗಿ ಕಾಯುತ್ತಿತ್ತು. ಅಂಥ ಕಡೆಗಳಲ್ಲೆಲ್ಲ ‘ವಿತ್ ಲೊಕೇಲ್’ ಬ್ಲಾಕ್ ಹಾಕಿದೆ. ಬ್ಲಾಕ್ ಮುಗಿದ ಕೂಡಲೇ ಹಳೆಯ ಲೊಕೇಲ್ ವಾಪಸ್ ಬರುತ್ತದೆ.

ಪಾಸ್ ಆಗುತ್ತಿದ್ದ ಟೆಸ್ಟ್‌ಗಳನ್ನೂ ಒಂದು ಸುತ್ತು ನೋಡಿದೆ. ಎಚ್‌ಟಿಎಂಎಲ್ ಕಟ್ಟುವ ಹೆಲ್ಪರ್‌ಗಳಲ್ಲಿ ಹಸಿರು ಬಣ್ಣವನ್ನು ಪೂರ್ತಿ ನಂಬುವ ಹಾಗಿಲ್ಲ. ಲಿಂಕನ್ನು ಸ್ಟ್ರಿಂಗ್ ಇಂಟರ್ಪೊಲೇಶನ್‌ನಿಂದ ಇನ್ನೊಂದು ಪಠ್ಯದ ಒಳಗೆ ಸೇರಿಸಿದರೆ ಸಿಗುವುದು ಸಾದಾ ಸ್ಟ್ರಿಂಗ್, ಎಚ್‌ಟಿಎಂಎಲ್ ಆಗಿಯೇ ತೋರಿಸಬಹುದು ಎಂದು ಹೇಳುವ ‘ಸೇಫ್’ ಗುರುತು ಹೋಗಿರುತ್ತದೆ. ‘ಅಸರ್ಟ್ ಈಕ್ವಲ್’ ಅಕ್ಷರಗಳನ್ನು ಮಾತ್ರ ನೋಡಿ ಪಾಸ್ ಮಾಡುತ್ತದೆ. ಬ್ರೌಸರ್‌ನಲ್ಲಿ ಲಿಂಕ್ ಬದಲು ಟ್ಯಾಗ್‌ಗಳೇ ಪಠ್ಯವಾಗಿ ಕಾಣುತ್ತವೆ. ಹಾಗಾಗಿ ಫಲಿತಾಂಶ ಎಚ್‌ಟಿಎಂಎಲ್ ಸೇಫ್ ಹೌದಾ ಎಂಬ ಒಂದು ಸಾಲಿನ ಅಸರ್ಟ್ ಸೇರಿಸಿದೆ. ಹೋಲಿಕೆಗೆ ‘ಅಸರ್ಟ್ ಡಾಮ್ ಈಕ್ವಲ್’ ಬಳಸಿದೆ. ಆಟ್ರಿಬ್ಯೂಟ್‌ಗಳ ಕ್ರಮ ಬದಲಾದ ಮಾತ್ರಕ್ಕೆ ಅದು ಫೇಲ್ ಆಗುವುದಿಲ್ಲ.

ಕೊನೆಗೆ ಉಳಿದದ್ದು ಕನ್ನಡ ವಿಳಾಸಗಳನ್ನು ಮೊಟಕು ಮಾಡುವ ಹೆಲ್ಪರ್. ರೂಬಿಯ ಲೆಕ್ಕದಲ್ಲಿ ‘ಬೆಂಗಳೂರು’ 8 ಕೋಡ್‌ಪಾಯಿಂಟ್ (ಯೂನಿಕೋಡ್ ಒಂದೊಂದು ಚಿಹ್ನೆಗೆ ಕೊಟ್ಟ ಸಂಖ್ಯೆ), ನಮ್ಮ ಕಣ್ಣಿಗೆ 4 ಅಕ್ಷರ. ‘ಟ್ರಂಕೇಟ್’ ಕೋಡ್‌ಪಾಯಿಂಟ್ ಎಣಿಸಿ ಕತ್ತರಿಸುವುದರಿಂದ ಕೆಲವು ಹೆಸರುಗಳ ಕೊನೆಯಲ್ಲಿ ಗುಣಿತ ಉದುರಿಹೋಗುತ್ತಿತ್ತು. ಗ್ರಾಫೀಮ್ ಕ್ಲಸ್ಟರ್, ಅಂದರೆ ಒಂದೇ ಅಕ್ಷರವೆಂದು ಪರಿಗಣಿಸುವ ಕೋಡ್‌ಪಾಯಿಂಟ್‌ಗಳ ಗುಂಪು, ಎಣಿಸಿ ನೋಡಿದೆ. ಗುಣಿತ ಉಳಿಯಿತು, ಒತ್ತಕ್ಷರ ಉಳಿಯಲಿಲ್ಲ. ನಾನು ಬಳಸುತ್ತಿದ್ದ ರೂಬಿ 3.2ರಲ್ಲಿ ‘ಕನ್ನಡ’ ಒಡೆದರೆ ‘ನ್’ ಬೇರೆ, ‘ನ’ ಬೇರೆ. ಸೆಪರೇಟರ್ ಆಗಿ ಖಾಲಿ ಜಾಗ ಕೊಟ್ಟು, ಪದದ ಗಡಿಯಲ್ಲೇ ಕತ್ತರಿಸುವಂತೆ ಮಾಡಿದೆ.

ಆದರೂ ಒಂದು ಟೆಸ್ಟ್ ಹಟ ಹಿಡಿಯಿತು. ಎಕ್ಸ್‌ಪೆಕ್ಟೆಡ್ ‘ಕೊಡಗು’, ಆ್ಯಕ್ಚುವಲ್ ಕೂಡ ‘ಕೊಡಗು’. ಎಷ್ಟು ದಿಟ್ಟಿಸಿದರೂ ವ್ಯತ್ಯಾಸ ಇಲ್ಲ. ಎರಡರ ಕೋಡ್‌ಪಾಯಿಂಟ್ ಪ್ರಿಂಟ್ ಮಾಡಿದಾಗ ಗೊತ್ತಾಯಿತು: ಒಂದರಲ್ಲಿ ಒಕಾರದ ಚಿಹ್ನೆ ಒಂದೇ ಕೋಡ್‌ಪಾಯಿಂಟ್, ಇನ್ನೊಂದರಲ್ಲಿ ಎಕಾರ ಮತ್ತು ಊಕಾರದ ಚಿಹ್ನೆಗಳು ಜೋಡಿಯಾಗಿ ಕೂತಿವೆ. ಯೂನಿಕೋಡ್ ಎರಡನ್ನೂ ಸಮಾನ ಎಂದೇ ಒಪ್ಪುತ್ತದೆ, ರೂಬಿಯ ಸ್ಟ್ರಿಂಗ್ ಹೋಲಿಕೆ ಒಪ್ಪುವುದಿಲ್ಲ. ಹೆಲ್ಪರ್‌ಗೆ ಬರುವ ಪಠ್ಯವನ್ನು ಮೊದಲ ಸಾಲಿನಲ್ಲೇ ‘ಯೂನಿಕೋಡ್ ನಾರ್ಮಲೈಸ್’ ಮಾಡಿ ಒಂದೇ ರೂಪಕ್ಕೆ ತಂದೆ. ಜೋಡಿ ಚಿಹ್ನೆಯ ‘ಕೊಡಗು’ ಈಗ ಫಿಕ್ಸ್‌ಚರ್‌ನಲ್ಲಿ (ಟೆಸ್ಟ್‌ಗೆ ಬಳಸುವ ಮಾದರಿ ಡೇಟಾದಲ್ಲಿ) ಬೇಕೆಂದೇ ಇದೆ, ಯಾರೂ ಸರಿಮಾಡಬೇಡಿ ಎಂಬ ಕಾಮೆಂಟ್ ಸಮೇತ.